ಕೂಡುವ ಪ್ಲಗ್ ಬೇರೆ, ಹೊಂದುವ ಪ್ಲಗ್ ಬೇರೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಲೋಕಾಪುರದಿಂದ ಮುಧೋಳಕ್ಕೆ ಹೋಗುವ ರಸ್ತೆಯಲ್ಲಿ ಕಾರಿನವರ ತಾಳ್ಮೆಗೆ ಪರೀಕ್ಷೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ರಸ್ತೆಯ ಮುಕ್ಕಾಲು ಪಾಲು ಕಬ್ಬು, ಅದರ ಮೇಲೆ ಧ್ವನಿವರ್ಧಕದ ಹಾಡು. ಅಂಥ ಒಂದು ಟ್ರ್ಯಾಕ್ಟರಿನ ಹಿಂದೆ ಬಹಳ ಹೊತ್ತು ತೆವಳಿದ ಮೇಲೆ ಎದುರಿನ ರಸ್ತೆ ಖಾಲಿ ಕಂಡಿತು. ಮೂರನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಉಸಿರೆಳೆದುಕೊಂಡು ಕಾರು ನೆಗೆಯಬೇಕಾದ ಹೊತ್ತಿನಲ್ಲಿ ಗಕ್ಕನೆ ಮುಗ್ಗರಿಸಿತು. ಎಂಜಿನ್ ಚಿತ್ರದ ಹಳದಿ ದೀಪ ಮಿಣುಕತೊಡಗಿತು. ಎದುರಿನಿಂದ ಬಸ್ಸು ಬರುವುದು ಕಂಡು ಹಿಂದೆ ಸರಿದು ಮತ್ತೆ ಕಬ್ಬಿನ ಬಾಲ ಹಿಡಿದೆ.

ಹದಿನೈದು ದಿನದ ಹಿಂದಷ್ಟೇ ಹೊಸ ಸ್ಪಾರ್ಕ್ ಪ್ಲಗ್, ಅಂದರೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸಾಮಾನು, ಹಾಕಿಸಿದ್ದೆ. ಅದೂ ದುಬಾರಿ ಇರಿಡಿಯಂ ಪ್ಲಗ್. ಅಂಗಡಿಯವರು ಹಳೆಯದನ್ನು ಪಕ್ಕದಲ್ಲಿಟ್ಟು ಅಳೆದು, "ಥ್ರೆಡ್ ಒಂದೇ, ಉದ್ದ ಒಂದೇ. ಕೂಡುತ್ತದೆ ಸಾಹೇಬರೆ, ಒಯ್ಯಿರಿ" ಎಂದಿದ್ದರು. ಕೂಡಿತು, ಸುಳ್ಳಲ್ಲ. ಆದರೆ ಹೊಂದಲಿಲ್ಲ. ಪೆಟ್ಟಿಗೆಯ ಮೇಲಿನ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಅಂದು ಓದಿದ್ದರೆ ಈ ಮುಗ್ಗರಿಕೆ ತಪ್ಪುತ್ತಿತ್ತು. ತಪ್ಪಿನಲ್ಲಿ ಅರ್ಧ ನನ್ನದು. ಬೆಲೆ ಹೆಚ್ಚಾದದ್ದು ಒಳ್ಳೆಯದೇ ಇರಬೇಕು ಎಂದು ನಂಬಿ, ಸಂಖ್ಯೆ ನೋಡದೆ ಹಣ ಎಣಿಸಿದವನು ನಾನೇ.

ನಮ್ಮ ಕಡೆ ಟರ್ಬೊ ಪೆಟ್ರೋಲ್ ಕಾರುಗಳು ಈಗ ಸಾಕಷ್ಟಿವೆ. ನೆಕ್ಸಾನ್, ವೆನ್ಯೂ, ಸೋನೆಟ್, ಟೈಗುನ್, ಕುಶಾಕ್, ಮ್ಯಾಗ್ನೈಟ್, ಫ್ರಾಂಕ್ಸ್, ಪೆಟ್ರೋಲ್ ಥಾರ್ ಎಲ್ಲವೂ ಬಾಗಲಕೋಟೆಯ ನವನಗರದ ರಸ್ತೆಗಳಲ್ಲೇ ಕಾಣುತ್ತವೆ. ಆ ಕಾರುಗಳವರಿಗೆ, ಪ್ಲಗ್ ಬದಲಿಸುವ ಕಾಲ ಬಂದಾಗ ಯಾವುದನ್ನು ಕೊಳ್ಳಬೇಕು, ಹೇಗೆ ಗುರುತಿಸಬೇಕು, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಡೀಸೆಲ್ ಟರ್ಬೊ ಇದ್ದವರು ಇಲ್ಲಿಂದಲೇ ಎದ್ದು ಹೋಗಬಹುದು. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ. ಅದರಲ್ಲಿರುವ ಗ್ಲೋ ಪ್ಲಗ್ ಚಳಿಯಲ್ಲಿ ಎಂಜಿನ್ ಹೊತ್ತಿಕೊಳ್ಳಲು ನೆರವಾಗುವ ಬೇರೆಯದೇ ಸಾಮಾನು.

ಮೊದಲು, ದೋಷ ಪ್ಲಗ್‌ನದೇ ಹೌದೇ?

ಪಿಕಪ್ ಇಲ್ಲ, ಮಿಸ್ಸಿಂಗ್ ಹೊಡೆಯುತ್ತಿದೆ ಎಂದ ಕೂಡಲೇ ಪ್ಲಗ್ ಬದಲಿಸಲು ಓಡಬೇಡಿ. ಟರ್ಬೊ ಕಾರಿನಲ್ಲಿ ಪ್ಲಗ್ ಸವೆದದ್ದಕ್ಕೆ ಒಂದು ಗುರುತಿದೆ: ನಿಂತಲ್ಲಿ ಎಂಜಿನ್ ಚೆನ್ನಾಗಿ ಓಡುತ್ತದೆ, ಊರೊಳಗೆ ನಿಧಾನ ಹೋದರೂ ತಕರಾರಿಲ್ಲ. ಭಾರ ಬಿದ್ದಾಗ ಮಾತ್ರ ಮುಗ್ಗರಿಸುತ್ತದೆ. ಬೆಳಗಾವಿಯಿಂದ ಕೊಲ್ಲಾಪುರದ ಕಡೆ ಹೋಗುವಾಗ ಸಿಗುವ ವಂಟಮುರಿ ಘಾಟಿಯ ಏರು, ಕಣಕುಂಬಿ ದಾಟಿ ಗೋವೆಗೆ ಇಳಿಯುವ ಚೋರ್ಲಾ ಘಾಟಿಯನ್ನು ಮರಳಿ ಬರುವಾಗ ಹತ್ತುವುದು, ಟ್ರ್ಯಾಕ್ಟರ್ ಹಿಂದಿಕ್ಕುವುದು, ಇಂಥ ಕಡೆ ಬಣ್ಣ ಬಯಲಾಗುತ್ತದೆ.

ಅದೇ ಲಕ್ಷಣವನ್ನು ಪ್ಲಗ್ಗಿಗೆ ಕಿಡಿಯ ವೋಲ್ಟ್ ಕೊಡುವ ಇಗ್ನಿಷನ್ ಕಾಯಿಲ್ ಕೆಟ್ಟಾಗಲೂ ಕಾಣಬಹುದು. ಎರಡನ್ನೂ ಬೇರ್ಪಡಿಸುವ ದಾರಿ ಸುಲಭ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡನ್ನು ತೋರಿಸುವ ಓಬಿಡಿ ಸ್ಕ್ಯಾನರ್ ಹಚ್ಚಿ ಓದಿಸಿ. ಗ್ಯಾರೇಜಿನವರಲ್ಲಿ ಇರುತ್ತದೆ, ಮೊಬೈಲಿಗೆ ಜೋಡಿಸುವ ಚಿಕ್ಕದನ್ನು ನೀವೇ ಕೊಂಡಿಟ್ಟುಕೊಂಡರೂ ನಷ್ಟವಿಲ್ಲ. ಪಿ0301 ಎಂದರೆ ಒಂದನೇ ಸಿಲಿಂಡರ್ ಹೊತ್ತಿಕೊಳ್ಳುತ್ತಿಲ್ಲ, ಪಿ0302 ಎಂದರೆ ಎರಡನೆಯದು, ಹೀಗೆ. ಪಿ0300 ಎಂದರೆ ಯಾವುದೋ ಒಂದು ಎಂದು ಹೇಳಲಾಗದೆ ಅಲ್ಲಲ್ಲಿ ತಪ್ಪುತ್ತಿದೆ ಎಂದರ್ಥ. ಪಿ0302 ಬಂದಿದೆ ಎನ್ನೋಣ. ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಅದಲುಬದಲು ಮಾಡಿ ಓಡಿಸಿ ನೋಡಿ. ಕೋಡ್ ಪಿ0303 ಆಗಿ ಬದಲಾದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿದರೆ ಆ ಸಿಲಿಂಡರಿನ ಪ್ಲಗ್ ಮೇಲೆ, ಅದಾದ ಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮೇಲೆ ಅನುಮಾನ ಪಡಬಹುದು.

ಇನ್ನೊಂದು ಮಾತು. ದೀಪ ಸುಮ್ಮನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡುತ್ತಿದೆ ಎಂದು ತಿಳಿಯಿರಿ. ಆಗ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ, ಸಾಧ್ಯವಾದರೆ ಬದಿಗೆ ನಿಲ್ಲಿಸಿ. ಕನ್ವರ್ಟರ್ ಹೋದರೆ ಅದರ ಬೆಲೆಯ ಮುಂದೆ ಪ್ಲಗ್‌ಗಳ ಖರ್ಚು ಚಿಲ್ಲರೆ ಕಾಸು.

ಬೆಳಗಾವಿ, ಖಾನಾಪುರ ಕಡೆಯವರು ಮಳೆಗಾಲದಲ್ಲಿ ಒಮ್ಮೆ ಪ್ಲಗ್ ಕೂರುವ ಬಾವಿಯನ್ನೂ ನೋಡಬೇಕು. ವಾಷಿಂಗ್ ಸೆಂಟರಿನಲ್ಲಿ ಬಾನೆಟ್ ಎತ್ತಿ ಜೋರು ನೀರು ಹೊಡೆಸಿದ್ದರೂ ಅಷ್ಟೇ. ಅದರೊಳಗೆ ನೀರು ನಿಂತು ಕಾಯಿಲ್‌ನ ರಬ್ಬರ್ ಬೂಟ್ ತೊಯ್ದಿದ್ದರೆ, ಒರೆಸಿ ಒಣಗಿಸಿದರೆ ಸಾಕಾಗಬಹುದು.

ಸಂಖ್ಯೆ ಎಲ್ಲಿಂದ ತರುವುದು

ಪ್ಲಗ್ ಆರಿಸುವುದೆಂದರೆ ನಿಜವಾಗಿ ಒಂದು ಸಂಖ್ಯೆಯನ್ನು ಹುಡುಕುವುದು. ಕಾರಿನ ಕಂಪನಿ ಆ ಎಂಜಿನ್ನಿಗೆಂದು ಒಂದು ಪ್ಲಗ್ಗನ್ನು ಪರೀಕ್ಷಿಸಿ ಗೊತ್ತುಮಾಡಿರುತ್ತದೆ. ಅದರ ಸಂಖ್ಯೆ ಕಾರಿನ ಜೊತೆ ಬಂದ ಪುಸ್ತಕದ ಕೊನೆಯ ಪುಟಗಳಲ್ಲಿ, ಎಂಜಿನ್ ಆಯಿಲ್, ಕೂಲಂಟ್ ಇತ್ಯಾದಿಗಳ ಅಳತೆ ಕೊಟ್ಟಿರುವ ಕಡೆ ಸಿಗುತ್ತದೆ. ಅಲ್ಲಿ ಇಲ್ಲದಿದ್ದರೆ ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆಯನ್ನು ಹಿಡಿದು ಅಧಿಕೃತ ಸರ್ವಿಸ್ ಕೇಂದ್ರದ ಬಿಡಿಭಾಗದ ಕೌಂಟರಿನಲ್ಲಿ ಕೇಳಿ. ಕಾರಿನ ಹೆಸರು ಹೇಳಿ ಕೇಳಬೇಡಿ, ಚಾಸಿ ಸಂಖ್ಯೆ ಹೇಳಿ.

ಹೆಸರು ಯಾಕೆ ಸಾಲದು ಎನ್ನುವಿರಾದರೆ ಮ್ಯಾಗ್ನೈಟ್ ನೋಡಿ. ಅದರಲ್ಲಿ ಸಾದಾ ಎಂಜಿನ್ನೂ 999 ಸಿಸಿ, ಟರ್ಬೊ ಎಂಜಿನ್ನೂ 999 ಸಿಸಿ. ಎರಡಕ್ಕೂ ಮೂರೇ ಸಿಲಿಂಡರ್. ಆದರೂ ಎಂಜಿನ್ ಬೇರೆ ಬೇರೆ. "ಮ್ಯಾಗ್ನೈಟ್, ಒಂದು ಲೀಟರ್, ಮೂರು ಪ್ಲಗ್ ಕೊಡಿ" ಎಂದರೆ ಅಂಗಡಿಯವರು ಯಾವುದನ್ನು ಕೊಟ್ಟರೂ ಅವರನ್ನು ದೂರುವಂತಿಲ್ಲ. ಫ್ರಾಂಕ್ಸ್, ವೆನ್ಯೂಗಳಲ್ಲಿ ಸಾದಾ 1.2 ಲೀಟರ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್, 1.0 ಲೀಟರ್ ಟರ್ಬೊಗೆ ಮೂರು. ಅಲ್ಲಿ ಎಣಿಕೆಯಲ್ಲಾದರೂ ತಪ್ಪು ಗೊತ್ತಾಗುತ್ತದೆ. ಟೈಗುನ್, ಕುಶಾಕ್‌ಗಳಲ್ಲಿ 1.0, 1.5 ಎರಡೂ ಟರ್ಬೊ.

ಹಳೆಯ ಪ್ಲಗ್ ಬಿಚ್ಚಿ ಅದರ ಮೇಲಿನ ಸಂಖ್ಯೆ ಓದುವುದು ಮೂರನೆಯ ದಾರಿ. ಕಾರನ್ನು ಹೊಸದಾಗಿ ಕೊಂಡು ಇದೇ ಮೊದಲ ಸಲ ಬಿಚ್ಚುತ್ತಿದ್ದರೆ ಇದು ನಂಬಿಕೆಗೆ ಅರ್ಹ. ಕೈ ಬದಲಿಸಿದ ಕಾರಾದರೆ ನಂಬಬೇಡಿ. ಹಿಂದಿನ ಮಾಲೀಕರಿಗೂ ಯಾರೋ "ಕೂಡುತ್ತದೆ, ಒಯ್ಯಿರಿ" ಎಂದಿರಬಹುದು.

ಸಂಖ್ಯೆಯನ್ನು ಓದುವುದು

ಸಂಖ್ಯೆ ಸಿಕ್ಕಿತು. ಅದೇ ಪ್ಲಗ್ ಅಂಗಡಿಯಲ್ಲಿದ್ದರೆ ಕೊಂಡು ಮನೆಗೆ ಬನ್ನಿ, ಮುಂದಿನದನ್ನು ಓದುವ ಅಗತ್ಯವೂ ಇಲ್ಲ. ಆದರೆ ನಮ್ಮ ಊರುಗಳಲ್ಲಿ ಹಾಗಾಗುವುದು ಅಪರೂಪ. "ಅದು ಇಲ್ಲ, ಬೇರೆ ಕಂಪನಿಯದಿದೆ" ಎಂಬ ಉತ್ತರವೇ ಹೆಚ್ಚು. ಆಗ ಅಕ್ಷರ, ಅಂಕಿಗಳ ಅರ್ಥ ಗೊತ್ತಿರಬೇಕು.

ಎನ್‌ಜಿಕೆ ಕಂಪನಿಯ ಬಿಕೆಆರ್6ಇ-11 ಎಂಬ ಬಹಳ ಬಳಕೆಯ ಪ್ಲಗ್ಗನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಟರ್ಬೊಗೆ ಎಂದು ಹೇಳುತ್ತಿಲ್ಲ, ಅಕ್ಷರಮಾಲೆ ಕಲಿಯಲು ಮಾತ್ರ. ಬಿ ಎಂದರೆ ಥ್ರೆಡ್ಡಿನ ಅಗಲ 14 ಮಿಲಿಮೀಟರ್. ಕೆ ಎಂದರೆ ಪಾನಾ ಹಿಡಿಯುವ ಆರು ಮೂಲೆಯ ಭಾಗ 16 ಮಿಲಿಮೀಟರ್. ಆರ್ ಎಂದರೆ ಒಳಗೆ ರೆಸಿಸ್ಟರ್ ಇದೆ. 6 ಎಂಬುದು ಬಿಸಿಯ ಶ್ರೇಣಿ, ಅದೇನೆಂದು ಮುಂದೆ ಹೇಳುತ್ತೇನೆ. ಇ ಎಂದರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರ್. ಕೊನೆಯ 11 ಎಂದರೆ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, 1.1 ಮಿಲಿಮೀಟರ್. ನನ್ನನ್ನು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಿಲ್ಲಿಸಿದ್ದು ಇಂಥದೇ ಒಂದು 11. ನನ್ನ ಕಾರಿನ ಪುಸ್ತಕದಲ್ಲಿದ್ದದ್ದು 0.8.

ಡೆನ್ಸೊ ಕಂಪನಿಯ ಕೆ20ಪಿಆರ್-ಯು11 ಅದಕ್ಕೆ ಸರಿಸಮನಾದದ್ದು. ಅದರಲ್ಲಿ ಕೆ ಎಂಬ ಒಂದೇ ಅಕ್ಷರ ಥ್ರೆಡ್ಡಿನ ಅಗಲ, ಉದ್ದ, ಪಾನಾ ಅಳತೆ ಮೂರನ್ನೂ ಹೇಳುತ್ತದೆ. 20 ಎಂಬುದು ಬಿಸಿಯ ಶ್ರೇಣಿ. ಎನ್‌ಜಿಕೆಯ 5 ಎಂದರೆ ಡೆನ್ಸೊದ 16, ಆರು ಎಂದರೆ 20, ಏಳು ಎಂದರೆ 22, ಎಂಟು ಎಂದರೆ 24 ಎಂದು ನೆನಪಿಟ್ಟರೆ ಸಾಕು.

ಉರುಳು ಇರುವುದು ಬಾಷ್‌ನಲ್ಲಿ. ನಮ್ಮ ಹಿರಿಯ ಮೇಸ್ತ್ರಿಗಳು ಇಂದಿಗೂ ಯಾವ ಪ್ಲಗ್ ಆದರೂ "ಮೈಕೋ" ಎನ್ನುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರದು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು. ಎನ್‌ಜಿಕೆ, ಡೆನ್ಸೊಗಳಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಣ್ಣಗೆ. ಬಾಷ್, ಚಾಂಪಿಯನ್‌ಗಳಲ್ಲಿ ಅಂಕಿ ಏರಿದಷ್ಟೂ ಬಿಸಿ. ಒಂದು ಕಂಪನಿಯ 7ಕ್ಕೆ ಇನ್ನೊಂದು ಕಂಪನಿಯ 7 ಎಂದು ಕಣ್ಣಳತೆಯಲ್ಲಿ ತಂದರೆ ಅದು ಕೂಡುತ್ತದೆ, ಹೊಂದುವುದಿಲ್ಲ. ಕಂಪನಿ ಬದಲಿಸುವುದಾದರೆ ಆ ಕಂಪನಿಯದೇ ಪಟ್ಟಿಯಲ್ಲಿ ನಿಮ್ಮ ಕಾರನ್ನು, ಎಂಜಿನ್ನನ್ನು, ತಯಾರಾದ ವರ್ಷವನ್ನು ಹಾಕಿ ಹುಡುಕಿ. ಅಂಕಿಯನ್ನು ನೀವೇ ತರ್ಜುಮೆ ಮಾಡಲು ಹೋಗಬೇಡಿ.

ಬಿಸಿ ಪ್ಲಗ್, ತಣ್ಣನೆಯ ಪ್ಲಗ್

ಬಿಸಿ, ತಣ್ಣನೆ ಎಂಬ ಮಾತು ಕಿಡಿಗೆ ಸಂಬಂಧಿಸಿದ್ದಲ್ಲ. ಕಿಡಿ ಎಲ್ಲದರಲ್ಲೂ ಒಂದೇ. ಪ್ಲಗ್‌ನ ತುದಿಗೆ ತಾಗಿದ ಉರಿಯ ಶಾಖ ಎಷ್ಟು ಬೇಗ ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ಡಿಗೆ ಇಳಿದುಹೋಗುತ್ತದೆ ಎಂಬುದರ ಲೆಕ್ಕ ಅದು. ಕೃಷ್ಣಾ, ಘಟಪ್ರಭಾ ನೀರು ಹಾಯುವ ಕರಿ ಎರೆಯ ಹೊಲ ಕಂಡವರಿಗೆ ಇದನ್ನು ಹೇಳುವುದು ಸುಲಭ. ಬಸಿಗಾಲುವೆ ದೂರವಿದ್ದರೆ ಹೊಲದಲ್ಲಿ ನೀರು ನಿಲ್ಲುತ್ತದೆ, ಹತ್ತಿರವಿದ್ದರೆ ಬೇಗ ಬಸಿದುಹೋಗುತ್ತದೆ. ಪ್ಲಗ್‌ನ ತುದಿಯ ಬಿಳಿ ಪಿಂಗಾಣಿ ಮೂಗು ಉದ್ದವಿದ್ದರೆ ಶಾಖ ಹೋಗುವ ದಾರಿ ದೂರ, ತುದಿ ಬಿಸಿಯಾಗಿ ಉಳಿಯುತ್ತದೆ. ಅದು ಬಿಸಿ ಪ್ಲಗ್. ಮೂಗು ಗಿಡ್ಡವಿದ್ದರೆ ಶಾಖ ಬೇಗ ಇಳಿಯುತ್ತದೆ. ಅದು ತಣ್ಣನೆಯದು.

ತುದಿ ತೀರಾ ತಣ್ಣಗಿರಬಾರದು, ತೀರಾ ಕಾಯಲೂ ಬಾರದು. ಸುಮಾರು 450 ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದರ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850 ಡಿಗ್ರಿ ದಾಟಿ ಏರತೊಡಗಿದರೆ ಕಿಡಿ ಬರುವ ಮುನ್ನವೇ ಕಾದ ತುದಿಯೇ ಪೆಟ್ರೋಲನ್ನು ಹೊತ್ತಿಸುವ ಭಯ. ಪಿಸ್ಟನ್ ಮೇಲೇರುತ್ತಿರುವಾಗಲೇ ಉರಿ ಎದ್ದರೆ ಪಿಸ್ಟನ್ನಿನ ತಲೆ ಕರಗಿದ ಉದಾಹರಣೆಗಳೂ ಇವೆ. ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ತುಂಬುವುದರಿಂದ ಒಳಗೆ ಶಾಖ ಹೆಚ್ಚು. ಅದಕ್ಕೇ ಅವಕ್ಕೆ ಸಾಮಾನ್ಯವಾಗಿ ಸಾದಾ ಎಂಜಿನ್ನಿಗಿಂತ ತಣ್ಣನೆಯ ಪ್ಲಗ್ ಇರುತ್ತದೆ. ಶ್ರೇಣಿಯಲ್ಲಿ ಒಂದು ಮೆಟ್ಟಿಲು ಬದಲಾದರೆ ತುದಿಯ ಶಾಖ 70 ರಿಂದ 100 ಡಿಗ್ರಿಯಷ್ಟು ಬದಲಾಗುತ್ತದೆ. ಒಂದೇ ಅಂಕಿ ತಾನೇ ಎಂದು ಹಗುರವಾಗಿ ಕಾಣುವಂಥದಲ್ಲ.

"ವಿಜಯಪುರದ ಬಿಸಿಲಿಗೆ ಇನ್ನೊಂದು ಮೆಟ್ಟಿಲು ತಣ್ಣನೆಯದು ಹಾಕಿದರೆ ಒಳ್ಳೆಯದಲ್ಲವೇ?" ಎಂದು ಪ್ರತಿ ಬೇಸಿಗೆಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಬೇಡ. ಸಿಲಿಂಡರಿನೊಳಗೆ ಉರಿಯ ಶಾಖ 2000 ಡಿಗ್ರಿ ಮೀರಿರುವಾಗ ಹೊರಗೆ 30 ಇದ್ದದ್ದು 42 ಆದರೆ ಪ್ಲಗ್‌ಗೆ ಅದು ಲೆಕ್ಕಕ್ಕಿಲ್ಲ. ಒಳಬರುವ ಗಾಳಿ ಕಾದಿದ್ದರೆ ಕಾರಿನ ಕಂಪ್ಯೂಟರ್ ಕಿಡಿಯ ಹೊತ್ತನ್ನು ಹಿಂದೆ ಸರಿಸಿ ಸಂಭಾಳಿಸಿಕೊಳ್ಳುತ್ತದೆ. ಬದಲಿಗೆ, ಮನೆಯಿಂದ ಕಚೇರಿಗೆ, ಕಚೇರಿಯಿಂದ ಸಂತೆಗೆ ಎರಡು ಮೂರು ಕಿಲೋಮೀಟರ್ ಓಡುವ ಕಾರಿಗೆ ತಣ್ಣನೆಯ ಪ್ಲಗ್ ಹಾಕಿದರೆ ತುದಿ ಕಾಯುವ ಮುನ್ನವೇ ಎಂಜಿನ್ ಆರಿಸುತ್ತೀರಿ, ಮಸಿ ಹಿಡಿಯುತ್ತದೆ.

ತಣ್ಣನೆಯ ಮೆಟ್ಟಿಲು ಬೇಕಾಗುವುದು ಒಂದೇ ಸಂದರ್ಭದಲ್ಲಿ. ಕಂಪ್ಯೂಟರಿನ ಲೆಕ್ಕ ಬದಲಿಸಿ ಟರ್ಬೊ ಒತ್ತಡ ಏರಿಸಿಕೊಂಡವರಿಗೆ ಒಂದು ಮೆಟ್ಟಿಲು ತಣ್ಣನೆಯ ಪ್ಲಗ್, ಜೊತೆಗೆ ಇನ್ನಷ್ಟು ಕಿರಿದಾದ ಗ್ಯಾಪ್ ಹೇಳುವುದು ವಾಡಿಕೆ. ಎಷ್ಟು ಎಂಬುದನ್ನು ಆ ಕೆಲಸ ಮಾಡಿಕೊಟ್ಟವರೇ ಹೇಳಬೇಕು. ಹೇಳದೆ ಹಣ ಮಾತ್ರ ತೆಗೆದುಕೊಂಡಿದ್ದರೆ ಅವರ ಕೆಲಸದ ಮೇಲೇ ನನಗೆ ಅನುಮಾನ.

ಎಥೆನಾಲ್ ಪ್ರಶ್ನೆಯೂ ನಮ್ಮಲ್ಲಿ ಸಹಜ, ಅದು ನಮ್ಮ ಹೊಲದ ಕಬ್ಬಿನಿಂದಲೂ ಬರುವುದು ತಾನೇ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಹಾಕುತ್ತಿದ್ದೇವೆ ಎಂಬ ಕಾರಣಕ್ಕೆ ಪ್ಲಗ್‌ನ ಸಂಖ್ಯೆ ಬದಲಿಸಬೇಕಿಲ್ಲ. ಕಾರಿನ ಕಂಪನಿಯೇ ಬದಲಿಸಲು ಹೇಳಿದ್ದರೆ ಅದು ಬೇರೆ ಮಾತು.

ಗ್ಯಾಪ್ ಎಂಬ ಕೂದಲೆಳೆ

ಗ್ಯಾಪ್ ಎಂದರೆ ನಡುವಿನ ಕಡ್ಡಿಗೂ ಮೇಲೆ ಬಾಗಿದ ಕೊಕ್ಕೆಗೂ ನಡುವಿನ ಸಂದು. ಕಿಡಿ ಅಲ್ಲಿ ಹಾರಬೇಕು. ಖಾಲಿ ಬಯಲಿನಲ್ಲಿ ಹತ್ತು ಹೆಜ್ಜೆ ಎಂದರೆ ಏನೂ ಅಲ್ಲ. ಬನಶಂಕರಿ ಜಾತ್ರೆಯ ತೇರಿನ ದಿನ ಅದೇ ಹತ್ತು ಹೆಜ್ಜೆ ದಾಟಲು ಮೈಯೆಲ್ಲ ಬೆವರಬೇಕು. ಟರ್ಬೊ ತುಂಬಿದ ಗಾಳಿ ಆ ಜಾತ್ರೆಯಂತೆ, ಕಿಡಿಗೆ ನುಸುಳಲು ಜಾಗವಿಲ್ಲ. ದಟ್ಟಣೆ ಹೆಚ್ಚಿದಷ್ಟೂ ಅದೇ ಸಂದು ದಾಟಲು ಹೆಚ್ಚು ವೋಲ್ಟ್ ಬೇಕು. ಕಾಯಿಲ್ ಅಷ್ಟು ಕೊಡಲಾರದೆ ಸೋತಾಗ ಕಿಡಿ ಆರುತ್ತದೆ. ನಿಂತಲ್ಲಿ ಚೆನ್ನಾಗಿ ಓಡುವ ಎಂಜಿನ್ ಏರಿನಲ್ಲಿ ಮಾತ್ರ ಮುಗ್ಗರಿಸುವುದು ಇದಕ್ಕೇ. ಸಾಲದ್ದಕ್ಕೆ, ಪ್ರತಿ ಸಲವೂ ತನ್ನ ಶಕ್ತಿ ಮೀರಿ ಎಳೆಯುವ ಕಾಯಿಲ್ ಬೇಗ ಸಾಯುತ್ತದೆ.

ಆದ್ದರಿಂದ ಸಾದಾ ಎಂಜಿನ್ನುಗಳಲ್ಲಿ 1.0, 1.1 ಮಿಲಿಮೀಟರ್ ಗ್ಯಾಪ್ ಸಾಮಾನ್ಯವಾದರೆ ಟರ್ಬೊಗಳಲ್ಲಿ 0.7, 0.8ರ ಆಸುಪಾಸು ಹೆಚ್ಚು. ನಿಮ್ಮದು ಎಷ್ಟು ಎಂಬುದಕ್ಕೆ ಪುಸ್ತಕವೇ ಪ್ರಮಾಣ. ಓಡಿದಂತೆಲ್ಲ ಲೋಹ ಸವೆದು ಗ್ಯಾಪ್ ತಾನಾಗಿ ಅಗಲವಾಗುತ್ತ ಹೋಗುತ್ತದೆ. ಸಾದಾ ಕಾರು ಇದನ್ನು ಬಹಳ ದಿನ ಸಹಿಸುತ್ತದೆ, ಟರ್ಬೊ ಸಹಿಸುವುದಿಲ್ಲ.

ಪೆಟ್ಟಿಗೆಯಿಂದ ಬಂದ ಪ್ಲಗ್‌ನ ಗ್ಯಾಪ್ ಸರಿಯಾಗಿಯೇ ಇರುತ್ತದೆ ಎಂದು ಕಣ್ಣು ಮುಚ್ಚಿ ನಂಬಬೇಡಿ, ಪಾರ್ಸೆಲ್ ಎಲ್ಲೆಲ್ಲಿ ಬಿದ್ದು ಬಂದಿರುತ್ತದೋ. ಅಳೆಯಿರಿ. ಆದರೆ ಇರಿಡಿಯಂ ಪ್ಲಗ್‌ನ ನಡುವಿನ ಕಡ್ಡಿ 0.4 ರಿಂದ 0.6 ಮಿಲಿಮೀಟರ್ ಅಷ್ಟೇ ದಪ್ಪ, ಸೂಜಿಯಂಥದು. ತಟ್ಟೆಯಾಕಾರದ ಗೇಜನ್ನು ಅದರ ಮೇಲೆ ಒತ್ತಿ ತಿರುಗಿಸಿದರೆ ಚಿಟ್ಟೆನ್ನುತ್ತದೆ. ತಂತಿಯ ಗೇಜ್ ಬಳಸಿ ಮೆಲ್ಲಗೆ ತೂರಿಸಿ ನೋಡಿ. ಒಂದೆರಡು ಕೂದಲೆಳೆಯಷ್ಟು ತಿದ್ದಬೇಕಾದರೆ ಹೊರಗಿನ ಕೊಕ್ಕೆಯನ್ನು ಮಾತ್ರ ಬಾಗಿಸಿ, ನಡುವಿನದನ್ನು ಮುಟ್ಟಬೇಡಿ. 1.1 ಇದ್ದದ್ದನ್ನು ಬಡಿದು 0.7ಕ್ಕೆ ಇಳಿಸುವ ಸಾಹಸವೂ ಬೇಡ. ಕೊಕ್ಕೆ ಓರೆಯಾಗಿ, ಕಿಡಿ ಒಂದು ಅಂಚಿನಲ್ಲೇ ಹಾರತೊಡಗುತ್ತದೆ. ನನ್ನ ಮೂರು ಪ್ಲಗ್‌ಗಳಿಗೆ ಮೇಸ್ತ್ರಿ ಇದನ್ನು ಮಾಡಲು ಪಾನಾ ಎತ್ತಿದ್ದರು. ನಾನೇ ತಡೆದು ಹೊಸದನ್ನು ತರಿಸಿದೆ.

ಯಾವ ಲೋಹ?

ತಾಮ್ರದ ಪ್ಲಗ್ ಎಂದು ಮಾರುವುದರ ಒಡಲಲ್ಲಿ ತಾಮ್ರವಿದೆ, ಹೊರಗೆ ಸವೆಯುವ ತುದಿ ನಿಕಲ್ ಮಿಶ್ರಲೋಹ. ನಿಕಲ್ 1455 ಡಿಗ್ರಿಗೆ ಕರಗಿದರೆ ಪ್ಲಾಟಿನಂ 1768ಕ್ಕೆ, ಇರಿಡಿಯಂ 2446ಕ್ಕೆ ಕರಗುತ್ತದೆ. ಗಟ್ಟಿ ಲೋಹವಾದ್ದರಿಂದ ಕಡ್ಡಿಯನ್ನು ಸಣ್ಣಗೆ ಮಾಡಬಹುದು, ಸಣ್ಣ ತುದಿಯಿಂದ ಕಿಡಿ ಕಡಿಮೆ ವೋಲ್ಟಿಗೇ ಹಾರುತ್ತದೆ. ಇರಿಡಿಯಂನ ಲಾಭ ಇಷ್ಟೇ: ಬಾಳಿಕೆ, ಸುಲಭದ ಕಿಡಿ. ಅದನ್ನು ಹಾಕಿದರೆ ಕಾರಿಗೆ ಹೊಸ ಶಕ್ತಿ ಬರುತ್ತದೆ, ಮೈಲೇಜ್ ಏರುತ್ತದೆ ಎಂಬುದು ಕೌಂಟರಿನ ಮಾತು.

ಕಂಪನಿ ಇರಿಡಿಯಂ ಅಥವಾ ಪ್ಲಾಟಿನಂ ಹೇಳಿದ್ದರೆ ಉಳಿತಾಯಕ್ಕೆಂದು ನಿಕಲ್‌ಗೆ ಇಳಿಯಬೇಡಿ. ಅದು ಓಡುತ್ತದೆ, ಆದರೆ ಬೇಗ ಸವೆಯುತ್ತದೆ, ನೀವು ಮಾತ್ರ ಹಳೆಯ ಲೆಕ್ಕದಲ್ಲೇ ಮರೆತಿರುತ್ತೀರಿ. ಎರಡು, ಮೂರು ಕೊಕ್ಕೆಗಳ ಪ್ಲಗ್ ಕಂಡರೆ ಕಂಪನಿ ಅದನ್ನೇ ಹೇಳಿರದ ಹೊರತು ಬಿಟ್ಟುಬಿಡಿ. ಇನ್ನು ಆರ್ ಇಲ್ಲದ, ಅಂದರೆ ರೆಸಿಸ್ಟರ್ ಇಲ್ಲದ ಪ್ಲಗ್ ಈಗಿನ ಕಾರಿಗೆ ಬೇಡವೇ ಬೇಡ. ಕಿಡಿಯ ಗದ್ದಲ ರೇಡಿಯೊಗೂ ಸೆನ್ಸರ್‌ಗಳಿಗೂ ಕಂಪ್ಯೂಟರಿಗೂ ತಟ್ಟುತ್ತದೆ.

ಥ್ರೆಡ್ಡಿನ ಉದ್ದ ತಪ್ಪಿದರೆ ಮಾತ್ರ ಪೆಟ್ಟು ದೊಡ್ಡದು. ಉದ್ದ ಹೆಚ್ಚಾದರೆ ಪಿಸ್ಟನ್ ಬಂದು ಬಡಿಯಬಹುದು. ಕಡಿಮೆಯಾದರೆ ಕಿಡಿ ಗೂಡಿನೊಳಗೇ ಅಡಗುತ್ತದೆ, ಉಳಿದ ಥ್ರೆಡ್ಡಿನಲ್ಲಿ ಇಂಗಾಲ ತುಂಬಿ ಮುಂದೆ ಸರಿಯಾದ ಪ್ಲಗ್ ಇಳಿಯದಂತಾಗುತ್ತದೆ. 14 ಮಿಲಿಮೀಟರ್ ಅಗಲದ್ದಲ್ಲದೆ 12ರದ್ದೂ ಈಗ ಸಾಮಾನ್ಯ. ಅದಕ್ಕೆ ಪಾನಾ ಕೂಡ ಬೇರೆ ಬೇಕಾಗಬಹುದು.

ಅಂಗಡಿಯ ಕಟ್ಟೆಯ ಮುಂದೆ

ಡುಪ್ಲಿಕೇಟ್ ಮಾಲು ಇರುವುದು ನಿಜ, ದುಬಾರಿ ಪ್ಲಗ್‌ಗಳಲ್ಲೇ ಹೆಚ್ಚು. ಪೆಟ್ಟಿಗೆ ಒಡೆದು ನೋಡಲು ಸಂಕೋಚ ಬೇಡ. ಪಿಂಗಾಣಿಯ ಮೇಲಿನ ಅಕ್ಷರ ಚೊಕ್ಕವಾಗಿರಬೇಕು, ಉಗುರಿಗೆ ಕಿತ್ತು ಬರಬಾರದು. ಪೆಟ್ಟಿಗೆಯ ಸಂಖ್ಯೆಯೂ ಪ್ಲಗ್‌ನ ಸಂಖ್ಯೆಯೂ ಒಂದೇ ಇರಬೇಕು. ಥ್ರೆಡ್ಡಿನ ಅಂಚು ಹರಿತ, ಸಮವಾಗಿರಬೇಕು, ವಾಷರ್ ಸಡಿಲವಾಗಿ ಕಳಚಿ ಬೀಳಬಾರದು. ಕೊಕ್ಕೆ ಕಡ್ಡಿಯ ನೆತ್ತಿಗೆ ನೇರವಾಗಿರಬೇಕು. ಮೂರನ್ನೂ ಸಾಲಾಗಿ ಮೇಜಿನ ಮೇಲೆ ನಿಲ್ಲಿಸಿದರೆ ಒಂದಕ್ಕೊಂದು ಕನ್ನಡಿಯಂತಿರಬೇಕು. ಮಲ್ಟಿಮೀಟರ್ ಇದ್ದರೆ ಮೇಲಿನ ತುದಿಯಿಂದ ನಡುವಿನ ಕಡ್ಡಿಯವರೆಗೆ ಅಳೆಯಿರಿ. ರೆಸಿಸ್ಟರ್ ಪ್ಲಗ್ ಸುಮಾರು 5 ಕಿಲೊ ಓಮ್ ತೋರಿಸುತ್ತದೆ. ಒಂದು ಐದು, ಇನ್ನೊಂದು ಸೊನ್ನೆ ತೋರಿಸಿದರೆ ಮೂರನ್ನೂ ಹಿಂತಿರುಗಿಸಿ.

ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಪೂರ್ತಿ ಸಂಖ್ಯೆ ಬರೆಸಿ. "ಪ್ಲಗ್, 3" ಎಂದಷ್ಟೇ ಬರೆದ ಚೀಟಿ ಹಿಡಿದು ಮರಳಿ ಹೋದವನ ಪಾಡು ನನಗೆ ಗೊತ್ತು. ಎಲ್ಲ ಸಿಲಿಂಡರಿಗೂ ಒಟ್ಟಿಗೆ ಬದಲಿಸಿ, ಒಂದೊಂದೇ ಅಲ್ಲ.

ಕೂಡಿಸುವಾಗ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ಬೇಸಿಗೆಯಲ್ಲಾದರೆ ಬೆಳಗ್ಗೆಯೇ ಈ ಕೆಲಸಕ್ಕೆ ಸರಿ. ಕಾಯಿಲ್ ತೆಗೆದ ಮೇಲೆ ಬಾವಿಯೊಳಗೆ ಗಾಳಿ ಊದಿ ಮಣ್ಣು, ದೂಳು ಹಾರಿಸಿ. ನಮ್ಮ ಎರೆ ಮಣ್ಣಿನ ದೂಳು ಸಿಲಿಂಡರಿಗೆ ಇಳಿದರೆ ಅದು ಉಜ್ಜುಗಾಗದವೇ. ಒಂದು ಪ್ಲಗ್ ಬಿಚ್ಚಿ, ಒಂದು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ.

ಹೊಸದನ್ನು ಪಾನಾದಿಂದ ಶುರು ಮಾಡಬೇಡಿ. ಪ್ಲಗ್‌ನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ, ಆ ಪೈಪನ್ನು ಬೆರಳಲ್ಲಿ ತಿರುಗಿಸಿ. ಓರೆಯಾಗಿ ಹತ್ತಿದರೆ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಬೆರಳಿನ ಬಿಗಿ ಮುಗಿದ ಮೇಲೆ ಟಾರ್ಕ್ ರೆಂಚ್. ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಮಿಲಿಮೀಟರ್ ಪ್ಲಗ್‌ಗೆ 25 ರಿಂದ 30 ನ್ಯೂಟನ್ ಮೀಟರ್, 12 ಮಿಲಿಮೀಟರಿನದಕ್ಕೆ 15 ರಿಂದ 20 ಸಾಮಾನ್ಯ ಅಳತೆ. ಪುಸ್ತಕದಲ್ಲಿ ಬೇರೆ ಇದ್ದರೆ ಪುಸ್ತಕದ್ದೇ ಸರಿ. ರೆಂಚ್ ಇಲ್ಲದಿದ್ದರೆ 14 ಮಿಲಿಮೀಟರಿನ ಹೊಸ ಪ್ಲಗ್ಗನ್ನು ಬೆರಳಬಿಗಿಯಿಂದ ಅರ್ಧ ಸುತ್ತಿಗಿಂತ ಕಡಿಮೆಯಿಲ್ಲದೆ, ಮೂರನೇ ಎರಡು ಸುತ್ತು ಮೀರದೆ ತಿರುಗಿಸಿ. ಗಡಿಯಾರದ ಲೆಕ್ಕದಲ್ಲಿ ಹನ್ನೆರಡರಿಂದ ಆರು, ಹೆಚ್ಚೆಂದರೆ ಎಂಟು. ಅದೇ ಪ್ಲಗ್ಗನ್ನು ಬಿಚ್ಚಿ ಮರಳಿ ಹಾಕುವಾಗ ಹನ್ನೆರಡರಿಂದ ಒಂದು ಮಾತ್ರ, ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಕೆಲವು ಎಂಜಿನ್ನುಗಳಲ್ಲಿ ಕೊಕ್ಕೆ ಯಾವ ದಿಕ್ಕಿಗೆ ನಿಲ್ಲಬೇಕು ಎಂಬ ಲೆಕ್ಕವೂ ಇರುತ್ತದೆ. ಆ ಲೆಕ್ಕ ಸರಿಹೋಗಬೇಕಾದರೆ ಬಿಗಿ ಸರಿಯಿರಬೇಕು.

ಥ್ರೆಡ್ಡಿಗೆ ಗ್ರೀಸ್ ಹಚ್ಚುವ ಅಭ್ಯಾಸ ಬಿಡಿ. ಹೊಸ ಪ್ಲಗ್‌ಗಳಿಗೆ ತುಕ್ಕು ಹಿಡಿಯದ ಲೇಪ ಇರುತ್ತದೆ. ಗ್ರೀಸ್ ಹಚ್ಚಿದರೆ ಅದೇ ರೆಂಚ್ ಅಳತೆಗೆ ಪ್ಲಗ್ ಅತಿಯಾಗಿ ಬಿಗಿದುಕೊಳ್ಳುತ್ತದೆ. ಥ್ರೆಡ್ ಹೋದರೆ ಬೆಳಗಾವಿಯ ಉದ್ಯಮಬಾಗದಂಥ ಕಡೆ ಲೇತ್ ಕೆಲಸ ಬಲ್ಲವರು ಹೆಲಿಕಾಯಿಲ್ ಎಂಬ ಹೊಸ ಥ್ರೆಡ್ಡಿನ ಸುರುಳಿ ಕೂರಿಸಿ ಸರಿ ಮಾಡಿಕೊಡಬಲ್ಲರು, ಆದರೆ ಅಲ್ಲಿಯವರೆಗೆ ಕಾರನ್ನು ಒಯ್ಯುವುದು ಲಾರಿಯ ಮೇಲೆ. ಕೆಲಸದ ನಡುವೆ ಪ್ಲಗ್ ಕೈಜಾರಿ ನೆಲಕ್ಕೆ ಬಿದ್ದರೆ ಅದನ್ನು ಹಾಕಬೇಡಿ. ಪಿಂಗಾಣಿಯೊಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಟರ್ಬೊ ಒತ್ತಿದಾಗ ಕಿಡಿ ಅಲ್ಲಿಂದಲೇ ಸೋರುತ್ತದೆ.

ಹಳೆಯದನ್ನು ಎಸೆಯುವ ಮುನ್ನ

ಬಿಚ್ಚಿದ ಪ್ಲಗ್‌ಗಳನ್ನು ಯಾವುದು ಯಾವ ಸಿಲಿಂಡರಿನದೆಂದು ಗುರುತು ಹಾಕಿ ಸಾಲಾಗಿಟ್ಟು ನೋಡಿ. ತುದಿ ತಿಳಿ ಕಂದು, ಬೂದು ಬಣ್ಣದ್ದಾದರೆ ಆರೋಗ್ಯ. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು, ಅಥವಾ ಸಣ್ಣ ಓಡಾಟವೇ ಹೆಚ್ಚು. ನೇರ ಚಿಮ್ಮುವ ಎಂಜಿನ್ನುಗಳಲ್ಲಿ ಸ್ವಲ್ಪ ಮಸಿ ಇದ್ದದ್ದೇ. ಒದ್ದೆ ಎಣ್ಣೆಯ ಕಪ್ಪು ಕಂಡರೆ ಪ್ಲಗ್ ಬದಲಿಸಿ ಸುಮ್ಮನಿರುವಂತಿಲ್ಲ. ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಟರ್ಬೊದ ಸೀಲ್, ಇವುಗಳಲ್ಲಿ ಯಾವುದೋ ಒಂದು ಎಣ್ಣೆ ಬಿಡುತ್ತಿದೆ. ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ತುದಿ ಕಾದಿದೆ: ಪ್ಲಗ್ ಬಿಸಿ ಶ್ರೇಣಿಯದಿರಬಹುದು, ಪೆಟ್ರೋಲ್ ಸಾಲದೆ ಬರುತ್ತಿರಬಹುದು. ಪಿಂಗಾಣಿ ಒಡೆದಿದ್ದರೆ, ಕೊಕ್ಕೆ ಕರಗಿದ್ದರೆ ಎಂಜಿನ್ ಒಳಗೆ ಹೊತ್ತಲ್ಲದ ಹೊತ್ತಿನಲ್ಲಿ ಉರಿ ಎದ್ದಿದೆ. ಸಣ್ಣ ಟರ್ಬೊಗಳಲ್ಲಿ ಕಡಿಮೆ ವೇಗದಲ್ಲಿ ದೊಡ್ಡ ಗೇರಿನಲ್ಲೇ ಆಕ್ಸಿಲರೇಟರ್ ತುಳಿದಾಗ ಹೀಗಾಗುವುದುಂಟು. ಅದನ್ನು ತಡೆಯುವ ಗುಣವೂ ಇರುವ ಎಪಿಐ ಎಸ್‌ಪಿ ದರ್ಜೆಯ ಎಂಜಿನ್ ಆಯಿಲ್ 2020ರಲ್ಲಿ ಬಂದಿದೆ. ಪುಸ್ತಕ ಒಪ್ಪಿದರೆ ಅದನ್ನೇ ಹಾಕಿಸಿ, ಟ್ರ್ಯಾಕ್ಟರ್ ಹಿಂದಿಕ್ಕುವಾಗ ಒಂದು ಗೇರ್ ಇಳಿಸಿ.

ಎಷ್ಟು ಕಿಲೋಮೀಟರಿಗೆ ಬದಲಿಸಿದಿರಿ, ಯಾವ ಸಂಖ್ಯೆ, ಎಷ್ಟು ಗ್ಯಾಪ್ ಎಂದು ಒಂದು ಚೀಟಿಯಲ್ಲಿ ಬರೆದು ಸರ್ವಿಸ್ ಪುಸ್ತಕಕ್ಕೆ ಅಂಟಿಸಿ. ಸ್ಕ್ಯಾನರಿನಿಂದ ಹಳೆಯ ಕೋಡ್ ಅಳಿಸಿ, ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿ, ಆಮೇಲೆ ಒಂದು ಏರು ಹುಡುಕಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ ನೋಡಿ. ಮನೆಗೆ ಬಂದು ಮತ್ತೆ ಕೋಡ್ ಓದಿ. ನಾನು ಸರಿಯಾದ ಪ್ಲಗ್ ಹಾಕಿಸಿದ ಮರುದಿನವೇ ಲೋಕಾಪುರದ ದಾರಿ ಹಿಡಿದೆ. ಟ್ರ್ಯಾಕ್ಟರ್ ಇತ್ತು, ಹಾಡೂ ಇತ್ತು. ಕಾರು ಮುಗ್ಗರಿಸದೆ ದಾಟಿತು. ಹಾಡಿನ ಒಂದು ಸಾಲೂ ಪೂರ್ತಿ ಕಿವಿಗೆ ಬೀಳಲಿಲ್ಲ.